ಕುಳಿಯ ಅಂಚಿಗೆ ಇನ್ನು ಐನೂರಿಪ್ಪತ್ತು ಮೀಟರ್

ನನ್ನ ಕನ್ನಡಕದ ಅಂಗಡಿಯ ಹಿಂದೆ ಕಣ್ಣು ಪರೀಕ್ಷೆ ಮಾಡುವ ಕೋಣೆಯೊಂದಿದೆ. ಓದುವವರು ಅಕ್ಷರದ ಫಲಕದಿಂದ ಆರು ಮೀಟರ್ ದೂರ ಕೂರಬೇಕೆಂದು ಕಟ್ಟಿಸಿದ್ದು. ಹಾಗಾಗಿ ಉದ್ದಕ್ಕಿದೆ, ಅಗಲಕ್ಕಿಲ್ಲ. ಒಳಗೆ ಇಬ್ಬರು ಎದುರಾದರೆ ಒಬ್ಬರು ಹೊಟ್ಟೆ ಒಳಗೆಳೆದುಕೊಂಡು ದಾರಿ ಬಿಡಬೇಕು. ಆ ಕೋಣೆಯ ಉದ್ದನೆಯ ಗೋಡೆಯನ್ನು ಮೂರು ವರ್ಷದಿಂದ ಮಂಗಳ ಗ್ರಹ ಆಕ್ರಮಿಸಿಕೊಂಡಿತ್ತು.

ಇಡೀ ಗ್ರಹವಲ್ಲ. ಅದರ ನೆಲದ ಮೇಲೆ ಆರು ಗಾಲಿಯ ಒಂದು ರೋವರ್ ದೊಡ್ಡದೊಂದು ಕುಳಿಯತ್ತ ತೆವಳಿಕೊಂಡು ಹೋಗುತ್ತಿದ್ದ ದಾರಿ, ಅಷ್ಟೇ. ಕುಳಿ ಎಂದರೆ ಈ ಅಂಚಿನಿಂದ ಆ ಅಂಚಿಗೆ ಇಪ್ಪತ್ತೆರಡು ಕಿಲೋಮೀಟರ್. ನಮ್ಮ ಊರನ್ನು ಅದರೊಳಗಿಟ್ಟು ಪಕ್ಕದಲ್ಲಿ ಇನ್ನೊಂದು ಊರನ್ನಿಟ್ಟರೂ, ಎರಡು ಊರಿನವರು ಗಡಿಗಾಗಿ ಜಗಳವಾಡುವಷ್ಟು ಜಾಗ ಮಿಕ್ಕುತ್ತದೆ. ರೋವರ್ ಕಳಿಸಿದವರು ಅದು ತೆಗೆದ ಫೋಟೋಗಳನ್ನು ದಿನಾ ಇಂಟರ್ನೆಟ್ಟಿಗೆ ಹಾಕುತ್ತಾರೆ. ಯಾರು ಬೇಕಾದರೂ ನೋಡಬಹುದು. ಯಾರೂ ನೋಡುವುದಿಲ್ಲ ಅನ್ನುವುದು ಬೇರೆ ಮಾತು. ನಾವು ಮೂವರು ನೋಡುತ್ತಿದ್ದೆವು, ಬೆಳಗ್ಗೆ ಏಳರಿಂದ ಅಂಗಡಿ ಬಾಗಿಲು ತೆಗೆಯುವ ಒಂಬತ್ತರವರೆಗೆ.

ಮೂವರೆಂದರೆ ಪಕ್ಕದ ಮಳಿಗೆಯ ಟೈಲರಮ್ಮ, ನಿವೃತ್ತ ಸರ್ವೇಯರ್ ಮತ್ತು ನಾನು. ಫೋಟೋಗಳು ಚೂರುಚೂರಾಗಿ ಬರುತ್ತವೆ, ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಹತ್ತಿಕೊಂಡು. ಅವನ್ನು ಜೋಡಿಸಿ ಒಂದೇ ನೋಟ ಮಾಡುವುದು ಟೈಲರಮ್ಮನ ಕೆಲಸ. ಹೊಲಿಗೆಯ ಆ ಕಡೆಯ ಅರ್ಧ ಹೂವಿಗೆ ಈ ಕಡೆಯ ಅರ್ಧ ಹೂವು ಕೂಡಿಸಿ ಮೂವತ್ತು ವರ್ಷ ಪಳಗಿದ ಕೈ. ಅವರು ಕೂಡಿಸಿದ ಬಂಡೆ ಎಲ್ಲಿ ಕೂಡಿದೆ ಎಂದು ಭೂತಗನ್ನಡಿ ಹಿಡಿದರೂ ಕಾಣುತ್ತಿರಲಿಲ್ಲ. ಸರ್ವೇಯರ್ ಗಾಲಿಯ ಗುರುತುಗಳನ್ನು ಅಳೆದು, ಗಾಡಿ ಆ ದಿನ ಎಷ್ಟು ಮೀಟರ್ ಓಡಿತೆಂದು ಹೇಳುತ್ತಿದ್ದರು. ಅಧಿಕೃತ ಅಂಕಿ ಎರಡು ದಿನ ತಡವಾಗಿ ಬರುತ್ತಿತ್ತು. ಅದು ತಮ್ಮದಕ್ಕೆ ಹೊಂದದಿದ್ದರೆ, ಅಲ್ಲಿಯವರು ತಪ್ಪಿದ್ದಾರೆ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು. ನನ್ನ ಕೊಡುಗೆ ಗೋಡೆ ಮತ್ತು ಪ್ರಿಂಟರ್.

ನಾಲ್ಕನೆಯವರಾಗಿ ಸೇರಿದ್ದು ನಮ್ಮ ಭಾವ, ಅಕ್ಕನ ಗಂಡ. ಮೂವತ್ತಾರು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಮೊದಲೆಲ್ಲ ನಮ್ಮನ್ನು ಕಂಡರೆ ಅವರಿಗೆ ತಮಾಷೆ. "ಟಿಕೆಟ್ ಇಲ್ಲ, ಪ್ಯಾಸೆಂಜರ್ ಇಲ್ಲ, ಸ್ಟಾಪ್ ಇಲ್ಲ. ಅದೂ ಒಂದು ಗಾಡೀನಾ?" ಅನ್ನುತ್ತಿದ್ದರು. ಒಂದು ದಿನ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಬಂದವರು ಗೋಡೆಯ ಮುಂದೆ ನಿಂತರು. ನಿಂತೇ ಇದ್ದರು.

"ಏ ಕನ್ನಡಕ," ಅಂದರು. ನನ್ನನ್ನು ಅವರು ಕರೆಯುವುದೇ ಹಾಗೆ. "ಈ ಗಾಡಿ ಯಾಕೋ ರಿವರ್ಸಲ್ಲಿ ಹೋಗ್ತಿದೆ?"

"ಯಾರು ಹೇಳಿದ್ರು ಭಾವ ನಿಮಗೆ?"

"ಯಾರು ಹೇಳ್ಬೇಕು? ಮುಂದಿನ ಕ್ಯಾಮೆರಾದಲ್ಲಿ ಗಾಲಿ ಗುರುತು ಕಾಣ್ತಿದೆ. ಬಂದ ದಾರಿ ಮುಖದ ಮುಂದೆ ಇದೆ ಅಂದ್ರೆ ಹಿಂದಕ್ಕೆ ಹೋಗ್ತಿದೆ ಅಂತ ತಾನೆ? ಇಲ್ನೋಡು, ಎಡಗಡೆ ಮುಂದಿನ ಗಾಲಿ ತಿರುಗ್ತಾನೇ ಇಲ್ಲ. ಉಜ್ಜಿಕೊಂಡು ಹೋಗ್ತಿದೆ, ಗೀರು ಬಿದ್ದಿದೆ." ಬೆರಳಿಟ್ಟು ತೋರಿಸಿದರು. "ಕೆಟ್ಟ ಗಾಲೀನ ತಳ್ಕೊಂಡು ಹೋಗೋದಕ್ಕಿಂತ ಎಳ್ಕೊಂಡು ಹೋಗೋದು ಸುಲಭ. ಅದಕ್ಕೇ ಗಾಡಿ ತಿರುಗಿಸಿ ರಿವರ್ಸ್ ಹಾಕಿದಾನೆ. ಓಡಿಸ್ತಿರೋನು ಕೆಲಸ ಗೊತ್ತಿರೋನು."

ಇದೇ ವಿಷಯವನ್ನು ಓದಿ ಅರ್ಥ ಮಾಡಿಕೊಳ್ಳಲು ಸರ್ವೇಯರಿಗೆ ಮೂರು ವಾರ ಹಿಡಿದಿತ್ತು. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಒರೆಸುವಂಥದ್ದೇನೂ ಇರಲಿಲ್ಲ.

ಮರುದಿನದಿಂದ ಭಾವ ಏಳಕ್ಕೆ ಐದು ನಿಮಿಷ ಮೊದಲೇ ಬಂದು ಶಟರಿನ ಮುಂದೆ ನಿಂತಿರುತ್ತಿದ್ದರು. ಅಲ್ಲಿ ಮರಳು ಮೆತ್ತಗಿದೆ, ಇವತ್ತು ಇಪ್ಪತ್ತು ಮೀಟರ್ ದಾಟಲ್ಲ ಅನ್ನುವರು; ಗಾಡಿ ಹತ್ತೊಂಬತ್ತೇ ಹೋಗಿರುತ್ತಿತ್ತು. ನಾವು ಮೂವರು ಫೋಟೋ ನೋಡುತ್ತಿದ್ದೆವು, ಭಾವ ರಸ್ತೆ ನೋಡುತ್ತಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಅವರ ಎಡಗೈಯಲ್ಲಿದ್ದ ಲೋಟ ತಾನಾಗಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವರು ಎಡಕ್ಕೆ ವಾಲಿ ಕುಸಿದರು. ಪಾರ್ಶ್ವವಾಯು. ಎರಡು ವಾರ ಆಸ್ಪತ್ರೆಯಲ್ಲಿದ್ದು, ಕುರ್ಚಿಯಲ್ಲಿ ಕೂತು, ನಾಲ್ಕು ಜನರ ಕೈಯಲ್ಲಿ ಮೊದಲ ಮಹಡಿಯ ಮನೆಗೆ ವಾಪಸ್ಸಾದರು. ಎಡಗೈ, ಎಡಗಾಲು ಎರಡೂ ಅವರ ಮಾತು ಕೇಳುತ್ತಿರಲಿಲ್ಲ.

"ನಾಲಿಗೆಗೆ ಮಾತ್ರ ಏನೂ ಆಗಿಲ್ಲ," ಅಂದಳು ಅಕ್ಕ. ಸಂತೋಷಕ್ಕೋ ದೂರಿಗೋ ತಿಳಿಯಲಿಲ್ಲ.

ಆದರೆ ಆ ನಾಲಿಗೆಯೂ ಸುಮ್ಮನಾಗಿಬಿಟ್ಟಿತು. ಭಾವ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾನು ಹೋದಾಗ ಒಂದೇ ಮಾತು ಅಂದಿದ್ದು: "ಹೋಗಿದ್ದು ಕ್ಲಚ್ಚಿನ ಕಾಲು ಕಣೋ. ಇನ್ನು ಗಾಡಿ ಶೆಡ್ಡಿಗೆ."

ದಿನಾ ವ್ಯಾಯಾಮ ಮಾಡಿಸಲು ಒಬ್ಬಳು ಫಿಸಿಯೋ ಬರುತ್ತಿದ್ದಳು, ಇಪ್ಪತ್ತೈದು ದಾಟದ ಹುಡುಗಿ. ಭಾವ ಅವಳಿಗೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟಿದ್ದರು, ಕಾಲೆತ್ತಲು ಮಾತ್ರ ಒಪ್ಪುತ್ತಿರಲಿಲ್ಲ. ಅವಳು ಅಕ್ಕನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳಂತೆ: "ಆಂಟಿ, ಈಗಿನ ಮೂರು ತಿಂಗಳೇ ಮುಖ್ಯ. ನಡೆಯೋದು ಹೇಗೆ ಅಂತ ಕಾಲಿಗೆ ಈಗ ನೆನಪಿಸಿದ್ರೆ ನೆನಪಾಗುತ್ತೆ. ಹೀಗೇ ಮಲಗಿದ್ರೆ ಮುಂದೆ ಕುರ್ಚಿಯೇ."

ಅಕ್ಕ ನೇರವಾಗಿ ಅಂಗಡಿಗೆ ಬಂದಳು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಫಲಕದ ಮೇಲಿನ ದೊಡ್ಡ ಅಕ್ಷರವನ್ನೇ ನೋಡುತ್ತ, "ನಾನು ಹೇಳಿ ಆಯ್ತು, ಬೈದು ಆಯ್ತು, ಅತ್ತೂ ಆಯ್ತು," ಅಂದಳು. "ಆ ನಿಮ್ಮ ಹಾಳು ಗಾಡಿ ಬಗ್ಗೆ ಏನಾದ್ರೂ ಹೇಳಿ ಎಬ್ಬಿಸ್ರೋ. ಹೆಂಡ್ತಿ ಮಾತಿಗೆ ಏಳದೋರು ಅದರ ಮಾತಿಗಾದ್ರೂ ಏಳ್ತಾರೇನೋ."

ನಾವು ಮೂವರೂ ಆ ದಿನದ ಫೋಟೋ ಹಿಡಿದು ಹೋದೆವು. ನಮ್ಮ ಅದೃಷ್ಟಕ್ಕೆ ಆ ದಿನ ಗಾಡಿ ಕಲ್ಲಿನ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಭಾವ ಗೋಡೆ ಕಡೆಯಿಂದ ತಿರುಗದೆ, "ಎಷ್ಟು?" ಅಂದರು.

"ಒಂಬತ್ತು ಮೀಟರ್," ಅಂದರು ಸರ್ವೇಯರ್.

"ಒಂಬತ್ತಾ? ಅಷ್ಟೇನಾ?"

"ಎಡಗಾಲಿ ಕಲ್ಲಿಗೆ ಸಿಕ್ಕಿಹಾಕ್ಕೊಂಡಿತ್ತು. ಬಿಡಿಸಿಕೊಂಡು ಒಂಬತ್ತು."

ಭಾವ ಕೇಳಿದರು: "ಇಲ್ಲಿಂದ ಒಂಬತ್ತು ಮೀಟರ್ ಅಂದ್ರೆ ಎಲ್ಲಿಗೆ ಬರುತ್ತೆ?"

ಸರ್ವೇಯರ್ ಅಳತೆಯ ಟೇಪಿಲ್ಲದೆ ಮನೆಯಿಂದ ಹೊರಬೀಳುವವರಲ್ಲ. ಅವರ ಜೇಬು ಅದೇ ಆಕಾರಕ್ಕೆ ಜೋತುಬಿದ್ದಿರುತ್ತದೆ. ಮಂಚದ ಕಾಲಿನಿಂದ ಟೇಪ್ ಎಳೆದುಕೊಂಡು ಬಾಗಿಲು ದಾಟಿ ಹೊರಗಿನ ಉದ್ದನೆಯ ಕಾರಿಡಾರಿಗೆ ಹೋದರು. ಅಲ್ಲಿಂದಲೇ ಕೂಗಿ ಹೇಳಿದರು: "ಪಕ್ಕದ ಮನೆಯವರ ಚಪ್ಪಲಿ ಗೂಡು!"

ಭಾವ ಎದ್ದರು ಅಂದರೆ ತಪ್ಪಾಗುತ್ತದೆ. ಅವರನ್ನು ಎಬ್ಬಿಸುವುದಕ್ಕೆ ಒಂದು ಕಡೆ ಅಕ್ಕ, ಒಂದು ಕಡೆ ನಾನು ಬೇಕಾಯಿತು. ಒಂಬತ್ತು ಮೀಟರಿಗೆ ನಲವತ್ತು ನಿಮಿಷ ಹಿಡಿಯಿತು. ಎಡಗಾಲು ನೆಲ ಉಜ್ಜಿಕೊಂಡು ಬಂತು. ಚಪ್ಪಲಿ ಗೂಡು ಮುಟ್ಟಿದಾಗ ಭಾವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಪಕ್ಕದ ಮನೆಯವರು ಬಾಗಿಲು ತೆಗೆದು, ತಮ್ಮ ಚಪ್ಪಲಿಗಳಿಗೆ ಐದು ಜನ ಇಷ್ಟೊಂದು ಗೌರವ ಕೊಡುತ್ತಿರುವುದನ್ನು ಕಂಡು ಮತ್ತೆ ಮುಚ್ಚಿಕೊಂಡರು.

ಆವತ್ತಿನಿಂದ ಅದೇ ನಿಯಮವಾಯಿತು. ಗಾಡಿ ಎಷ್ಟೋ ಭಾವ ಅಷ್ಟು. "ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಡಿಮೆ ಇಲ್ಲ," ಅಂದರು. ಕಾರಿಡಾರ್ ಇಪ್ಪತ್ತನಾಲ್ಕು ಮೀಟರ್. ಸರ್ವೇಯರ್ ಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆದರು. ಕುಳಿಯ ಅಂಚಿಗೆ ಇನ್ನೂ ಸಾವಿರದ ಒಂಬೈನೂರು ಮೀಟರಿತ್ತು. ದಿನಾ ಎಂಟಕ್ಕೆ ನಾನು ಹೋಗಿ ಫೋಟೋ ಕೊಟ್ಟು ಅಂಕಿ ಹೇಳುವುದು, ಭಾವ ಅಷ್ಟು ನಡೆಯುವುದು. ಮೊದಮೊದಲು ಇಬ್ಬರು ಹಿಡಿಯಬೇಕಿತ್ತು, ಆಮೇಲೆ ಒಬ್ಬರು, ಆಮೇಲೆ ಒಂದು ಊರುಗೋಲು. ಇನ್‌ಸ್ಪೆಕ್ಟರಿಗೆ ಆಶ್ಚರ್ಯ. "ನಾನು ಹತ್ತು ಹೆಜ್ಜೆ ಅಂದ್ರೆ ಕೈಯೆತ್ತಿಬಿಡ್ತಿದ್ರು, ಈಗ ನಲವತ್ತು ಮೀಟರ್ ನಡೀತಾರೆ. ನೀವೇನು ಮಾಡಿದ್ರಿ?" ಅಂತ ಅಕ್ಕನನ್ನು ಕೇಳಿದಳು. "ನಾನೇನೂ ಮಾಡಿಲ್ಲ. ಮೇಲಿಂದ ಆರ್ಡರ್ ಬರುತ್ತೆ," ಅಂದಳು ಅಕ್ಕ.

ತೊಂದರೆ ಇದ್ದದ್ದು ಗಾಡಿ ನಿಂತ ದಿನಗಳಲ್ಲಿ. ಒಮ್ಮೆ ಧೂಳು ಎದ್ದು ಅದು ನಾಲ್ಕು ದಿನ ನಿಂತಿತು. ಭಾವನೂ ನಾಲ್ಕು ದಿನ ಕುರ್ಚಿ ಬಿಟ್ಟೇಳಲಿಲ್ಲ. ಅಕ್ಕ ಬೈದರೆ, "ಗಾಡಿ ನಿಂತಿದೆ, ನಾನೂ ನಿಂತಿದೀನಿ," ಅಂದರು. ಐದನೆಯ ದಿನ ಗಾಡಿ ಹೊರಟಿತು. ಭಾವನ ಕಾಲು ಹೊರಡಲಿಲ್ಲ. ಮೊದಲಿನ ಸ್ಥಿತಿಗೆ ಬರಲು ಒಂದು ವಾರ ಹಿಡಿಯಿತು. ಇನ್‌ಸ್ಪೆಕ್ಟರ್ ಅಕ್ಕನನ್ನು ಮತ್ತೆ ಅಡುಗೆಮನೆಗೆ ಕರೆದಳು: "ನಾಲ್ಕು ದಿನಕ್ಕೇ ಹೀಗೆ. ಇನ್ನೊಂದು ಸಲ ಹದಿನೈದು ದಿನ ಕೂತ್ರೆ ನಾನು ಏನೂ ಮಾಡಕ್ಕಾಗಲ್ಲ ಆಂಟಿ."

ಕುಳಿಯ ಅಂಚಿಗೆ ಇನ್ನು ಐನೂರಿಪ್ಪತ್ತು ಮೀಟರ್ ಇರುವಾಗ ಸರ್ವೇಯರ್ ಒಂದು ಬೆಳಗ್ಗೆ ಮುಖ ಸಪ್ಪೆ ಮಾಡಿಕೊಂಡು ಬಂದರು. ಮಂಗಳ ಗ್ರಹ ಸೂರ್ಯನ ಹಿಂದಕ್ಕೆ ಹೋಗುತ್ತಿತ್ತು. ಎರಡು ವರ್ಷಕ್ಕೊಮ್ಮೆ ಹಾಗಾಗುತ್ತದೆ. ಸೂರ್ಯ ನಡುವೆ ಅಡ್ಡ ಇರುವಷ್ಟು ದಿನ ಇಲ್ಲಿಂದ ಯಾರೂ ಗಾಡಿಗೆ ಆಜ್ಞೆ ಕಳಿಸುವುದಿಲ್ಲ, ಅದು ನಿಂತಲ್ಲೇ ನಿಂತಿರುತ್ತದೆ.

"ಎಷ್ಟು ದಿನ?" ಅಂದೆ.

"ಹದಿನೆಂಟು."

ಟೈಲರಮ್ಮ ಕತ್ತರಿ ಕೆಳಗಿಟ್ಟರು. ನಾವು ಅಕ್ಕನಿಗೆ ಹೇಳಿದೆವು. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಅವರಿಗೆ ಯಾರೂ ಬಾಯಿ ಬಿಡಕೂಡದು. ದಿನಾ ಒಂದು ಅಂಕಿ ಹೇಳ್ತಾ ಇರಿ."

"ಸುಳ್ಳು ಅಂಕಿನಾ?" ಸರ್ವೇಯರ್ ಗಾಬರಿಯಾದರು. "ಅಮ್ಮಾ, ನಲವತ್ತು ವರ್ಷದ ಸರ್ವಿಸಲ್ಲಿ ನಾನು ಒಂದು ಸೆಂಟಿಮೀಟರ್ ಸುಳ್ಳು ಬರೆದಿಲ್ಲ."

"ಹಂಗಾದ್ರೆ ಖರ್ಚಾಗದ ಸುಳ್ಳು ಕೈಯಲ್ಲಿ ಬೇಕಾದಷ್ಟು ಸ್ಟಾಕಿದೆ. ಬರೀರಿ," ಅಂದಳು ಅಕ್ಕ.

ಬರೆದರು. ಮೂವತ್ತೆಂಟು, ನಲವತ್ತೊಂದು, ಇಪ್ಪತ್ತೇಳು. ಅಂಕಿ ಸುಳ್ಳಾದರೂ ಅದಕ್ಕೊಂದು ಮರ್ಯಾದೆ ಇರಲಿ ಎಂದು, ಮೊದಲು ಇಳಿಜಾರು, ಮರಳು ಎಲ್ಲ ಊಹಿಸಿ ಲೆಕ್ಕ ಹಾಕಿಯೇ ಬರೆಯುತ್ತಿದ್ದರು. ಬರೆದು ಪೆನ್ನಿನ ಮುಚ್ಚಳ ಹಾಕುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಫೋಟೋಗಳದ್ದು ಟೈಲರಮ್ಮನ ಹೊಣೆ. ಹಳೆಯ ಫೋಟೋ ಕೊಟ್ಟರೆ ಭಾವ ಕಲ್ಲಿನ ಗುರುತು ಹಿಡಿದುಬಿಡುತ್ತಾರೆ. ಹೊಸದು ಬರುವುದಿಲ್ಲ. ಟೈಲರಮ್ಮ ಒಂದು ನಿಮಿಷ ಯೋಚಿಸಿ, ಹೋದ ವರ್ಷದ ಫೋಟೋಗಳನ್ನು ತೆಗೆದು, ಎಡ ಬಲಕ್ಕೆ ಬಲ ಎಡಕ್ಕೆ ಮಗುಚಿ ಪ್ರಿಂಟ್ ಹಾಕಿಸಿದರು. "ಬಲತೋಳಿನ ಮಾದರೀನೇ ತಿರುವಿ ಹಾಕಿದ್ರೆ ಎಡತೋಳು. ತೊಟ್ಕೊಂಡೋರಿಗೆ ಯಾವತ್ತಾದ್ರೂ ಗೊತ್ತಾಗಿದ್ಯಾ?" ಅಂದರು. ನಿಜಕ್ಕೂ ಹೊಸ ಜಾಗದ ಹಾಗೇ ಕಂಡಿತು. ನಾವು ತಲೆದೂಗಿದೆವು.

ಭಾವ ನಡೆದರು. ಮೊದಲ ದಿನ ಅವರ ಕಣ್ಣು ತಪ್ಪಿಸಿಯೇ ಅಂಕಿ ಹೇಳಿದೆ. ನಾಲ್ಕನೆಯ ದಿನಕ್ಕೆ ನಮಗೆ ಧೈರ್ಯ ಬಂತು. ಏಳನೆಯ ದಿನಕ್ಕೆ ದುರಾಸೆ. ಅಕ್ಕ ಕಣ್ಣಲ್ಲೇ ಸನ್ನೆ ಮಾಡಿ ನಲವತ್ತನ್ನು ಐವತ್ತು ಮಾಡಿಸಿದಳು. ಭಾವ ಫೋಟೋ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ದಿಂಬಿನ ಕೆಳಗಿಟ್ಟುಕೊಳ್ಳುತ್ತಿದ್ದರು. ಹನ್ನೆರಡು ದಿನದಲ್ಲಿ ನಾನೂರಮೂವತ್ತು ಮೀಟರಾಯಿತು.

ಹದಿಮೂರನೆಯ ಬೆಳಗ್ಗೆ ನಾನು ಹೋದಾಗ ಭಾವ ಮಂಚದ ಮೇಲೆ ಹನ್ನೆರಡೂ ಫೋಟೋಗಳನ್ನು ಸಾಲಾಗಿ ಹರಡಿಕೊಂಡು ಕೂತಿದ್ದರು.

"ಕನ್ನಡಕ, ಬಾ ಕೂತ್ಕೋ. ಗಾಡಿಗೆ ಯಾವ ಕಡೆ ಗಾಲಿ ಕೆಟ್ಟಿರೋದು?"

"ಎಡಗಡೆ, ಭಾವ."

"ಇದರಲ್ಲಿ ಗೀರು ಯಾವ ಕಡೆ ಇದೆ?"

ನೋಡಿದೆ. ಬಲಗಡೆ ಇತ್ತು. ಎರಡನೆಯದರಲ್ಲೂ ಬಲಗಡೆ. ಹನ್ನೆರಡರಲ್ಲೂ. ದಿನಕ್ಕೆ ಇಪ್ಪತ್ತು ಜನರ ಎಡಗಣ್ಣು ಬಲಗಣ್ಣು ಬೇರೆ ಬೇರೆ ಮುಚ್ಚಿಸಿ ಓದಿಸುವವನು ನಾನು. ಎಡತೋಳು ಬಲತೋಳು ಕತ್ತರಿಸಿ ಬದುಕಿದವರು ಟೈಲರಮ್ಮ. ಎಡಕ್ಕಿರುವ ಗಡಿಕಲ್ಲನ್ನು ಬಲಕ್ಕೆ ಬರೆದರೆಂದು ಎಷ್ಟೋ ಜನರನ್ನು ಬೈದವರು ಸರ್ವೇಯರ್. ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

"ರಿಪೇರಿ ಮಾಡಿ ಆ ಕಡೆ ಹಾಕಿರಬಹುದು," ಅಂದೆ. ಬಾಯಿಂದ ಬಿದ್ದ ಮೇಲೆ ನನಗೇ ನಾಚಿಕೆಯಾಯಿತು.

ಭಾವ ನಗಲಿಲ್ಲ. "ಎಷ್ಟು ದಿನದಿಂದ ನಿಂತಿದೆ?"

"ಹನ್ನೆರಡು. ಇನ್ನೂ ಆರು ದಿನ ಏಳಲ್ಲ." ಸೂರ್ಯ ಅಡ್ಡ ಬಂದದ್ದನ್ನೆಲ್ಲ ಹೇಳಿದೆ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಅಕ್ಕ ಬಾಗಿಲಲ್ಲಿ ನಿಂತಳು.

"ಅವನನ್ನ ಯಾಕೆ ಕೇಳ್ತೀರಿ? ಹೇಳಿಸಿದ್ದು ನಾನು."

"ಗೊತ್ತಾಯ್ತು. ಮದುವೆ ಆದಾಗಿಂದ ಎಷ್ಟು ಸಲ ಹೀಗೆ ಸುಳ್ಳು ಹೇಳಿದೀಯ?"

"ಲೆಕ್ಕ ಇಟ್ಟಿಲ್ಲ. ಸರ್ವೇಯರನ್ನ ಕೇಳಿ."

ಬೇರೆ ದಿನವಾಗಿದ್ದರೆ ಭಾವ ಇದಕ್ಕೊಂದು ಉತ್ತರ ಕೊಡುತ್ತಿದ್ದರು. ಈಗ ಫೋಟೋಗಳನ್ನು ಒಂದರ ಮೇಲೊಂದಿಟ್ಟು ನನ್ನ ಕೈಗೆ ಕೊಟ್ಟರು. "ಅದರ ಜೊತೆ ಹೋಗ್ತಿದೀನಿ ಅಂದ್ಕೊಂಡಿದ್ದೆ. ಅದು ಅಲ್ಲೆಲ್ಲೋ ಕೆಟ್ಟು ನಿಂತಿದೆ, ನಾನು ಇಲ್ಲಿ ಹುಚ್ಚನ ಹಾಗೆ ಒಬ್ಬನೇ ಓಡಾಡ್ತಿದೀನಿ." ಅಷ್ಟು ಹೇಳಿ ಮಲಗಿದರು, ಗೋಡೆ ಕಡೆ ಮುಖ ಮಾಡಿ.

ಆ ಬೆಳಗ್ಗೆ ನಡೆಯಲಿಲ್ಲ. ಇನ್‌ಸ್ಪೆಕ್ಟರ್ ಬಂದು ವಾಪಸ್ಸು ಹೋದಳು. ಅಕ್ಕ ಮಾಡಿಟ್ಟದ್ದನ್ನು ಅರ್ಧ ಉಂಡು ತಟ್ಟೆ ಸರಿಸಿದರಂತೆ.

ಅಂಗಡಿಯಲ್ಲಿ ನಾವು ಮೂವರು ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದೆವು. ಟೈಲರಮ್ಮ, "ನನ್ನ ಕೈ ಮುರೀಲಿ," ಅಂದುಕೊಂಡರು. ಸಂಜೆ ಸರ್ವೇಯರ್ ತಟ್ಟನೆ ಎದ್ದು ತಮ್ಮ ಪುಸ್ತಕ ಬಗಲಿಗಿಟ್ಟುಕೊಂಡು, "ನಡೀರಿ," ಅಂದರು.

ಅವರು ಭಾವನ ಮಂಚದ ಪಕ್ಕ ಕೂರಲಿಲ್ಲ, ನಿಂತೇ ಮಾತಾಡಿದರು. ಕಚೇರಿಯಲ್ಲಿ ಮೇಲಿನವರ ಮುಂದೆ ಹಾಗೆ ನಿಂತು ಅಭ್ಯಾಸ ಇರಬೇಕು.

"ನಾನು ಬರೆದ ವರದಿ ಸುಳ್ಳು. ಅದನ್ನ ಒಪ್ಕೋತೀನಿ, ಹನ್ನೆರಡು ಸಾಲೂ ಹೊಡೆದು ಹಾಕಿದೀನಿ. ಆದ್ರೆ ಒಂದು ವಿಷಯ. ಗಾಡಿದು ಸುಳ್ಳು, ಕಾರಿಡಾರ್‌ದು ಸುಳ್ಳಲ್ಲ. ಆ ಗೆರೆ ಎಳೆದಿದ್ದು ನಾನು. ನಾನೂರಮೂವತ್ತು ಮೀಟರ್ ನೆಲ ನೀವು ನಡೆದಿದ್ದೀರಿ. ಅದನ್ನ ಹೊಡೆದು ಹಾಕೋ ಅಧಿಕಾರ ನನಗಿಲ್ಲ."

ಟೈಲರಮ್ಮ ನನ್ನ ಅಂಗಿಯ ತೋಳು ಹಿಡಿದು ಎಳೆದರು, ಹೋಗೋಣ ಅಂತ. ನಾವು ಬಾಗಿಲ ಹತ್ತಿರ ಹೋಗಿದ್ದೆವು.

"ಅಂದ್ರೆ ನಾನೀಗ ಅದಕ್ಕಿಂತ ಮುಂದಿದೀನಾ?" ಅಂದರು ಭಾವ.

ಸರ್ವೇಯರ್ ಪುಸ್ತಕ ತೆರೆದರು, ಬೇಕಿರಲಿಲ್ಲವಾದರೂ. "ನಾನೂರಮೂವತ್ತು ಮೀಟರ್ ಮುಂದೆ. ಕುಳಿಗೆ ನಿಮಗೆ ಇನ್ನು ತೊಂಬತ್ತೇ."

ಭಾವ ನಿಧಾನಕ್ಕೆ ಈ ಕಡೆ ಹೊರಳಿದರು. ಮುಖದಲ್ಲಿ ಗೆದ್ದವರ ಕಳೆ ಇರಲಿಲ್ಲ, ಯಾರನ್ನೋ ದಾರಿಯಲ್ಲಿ ಬಿಟ್ಟು ಬಂದವರ ಕಳವಳ ಇತ್ತು. "ಥೂ. ಕೆಟ್ಟು ನಿಂತ ಗಾಡೀನ ದಾಟಿಕೊಂಡು ಬಂದುಬಿಟ್ಟೆನಲ್ಲೋ. ಇಷ್ಟು ವರ್ಷದಲ್ಲಿ ಒಂದು ಸಲ ಮಾಡಿರ್ಲಿಲ್ಲ. ನಮ್ಮಲ್ಲಿ ಯಾವನ ಬಸ್ಸು ಕೆಟ್ಟು ನಿಂತಿದ್ರೂ ಹಿಂದೆ ಬಂದೋನು ನಿಲ್ಲಿಸ್ತಾನೆ. ಮೆಕ್ಯಾನಿಕ್ ಬರೋ ತನಕ ಅವನನ್ನ ಒಬ್ಬನೇ ಬಿಡಲ್ಲ. ಪ್ಯಾಸೆಂಜರ್ ಬೈದ್ರೂ ಬೈಯಲಿ."

"ಈಗೇನು ಮಾಡ್ತೀರಿ?" ಅಂದಳು ಅಕ್ಕ.

"ಏನು ಮಾಡೋದು, ವಾಪಸ್ ಹೋಗ್ಬೇಕು. ಅದು ಏಳೋದ್ರೊಳಗೆ ಅಲ್ಲಿರ್ಬೇಕು. ಎಷ್ಟು ದಿನ ಇದೆ ಅಂದೆ?"

"ನಾಳೆಯಿಂದ ಐದು," ಅಂದೆ.

ಸರ್ವೇಯರಿಗೆ ಭಾಗಾಕಾರಕ್ಕೆ ಕಾಗದ ಬೇಡ. "ದಿನಕ್ಕೆ ಎಂಬತ್ತಾರು."

ಎಂಬತ್ತಾರು ಮೀಟರ್ ಅವರು ಒಂದು ದಿನವೂ ನಡೆದಿರಲಿಲ್ಲ. ನಾವು ಯಾರೂ ಅದನ್ನು ನೆನಪಿಸಲಿಲ್ಲ. ಭಾವ ಊರುಗೋಲಿಗೆ ಕೈ ಚಾಚಿದರು. "ಈಗ ಎಷ್ಟು ಗಂಟೆ? ಆರಾ? ಹಾಗಾದ್ರೆ ಇವತ್ತಿನ ಟ್ರಿಪ್ಪಿಗೆ ಇನ್ನೂ ಟೈಮಿದೆ."

"ಹಿಂದೆ ಹಿಂದೆ ನಡೀತೀರೇನು, ನಿಮ್ಮ ಗಾಡಿ ಹಾಗೆ?" ಅಂದಳು ಅಕ್ಕ.

"ರಿವರ್ಸ್ ಅಲ್ಲ ಕಣೇ, ಯೂ ಟರ್ನ್."

ಆ ಆರು ದಿನ ಭಾವ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕಾರಿಡಾರಿಗೆ ಇಳಿದರು. ಮೂರನೆಯ ದಿನ ಎಡ ತೊಡೆ ಕಲ್ಲಾಗಿ, ಪಕ್ಕದ ಮನೆಯವರ ಚಪ್ಪಲಿ ಗೂಡಿನ ಮೇಲೆ ಕೂತು ಕಾಲು ತಿಕ್ಕಿಸಿಕೊಂಡರು. ಪಕ್ಕದ ಮನೆಯವರು ಈ ಸಲ ಬಾಗಿಲು ತೆಗೆದು ನೀರು ಕೊಟ್ಟರು. ಸರ್ವೇಯರ್, ಭಾವ ವಾಪಸ್ ಬಂದ ಮೀಟರುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಕಳೆಯುವ ಚಿಹ್ನೆ ಹಾಕಿ ಬರೆದುಕೊಳ್ಳುತ್ತಿದ್ದರು. ನಿಜವಾದ ಅಂಕಿ ಬರೆಯುವ ಸುಖದಲ್ಲಿ ಅವರ ಅಕ್ಷರ ಮೊದಲಿಗಿಂತ ದುಂಡಗಾಗಿತ್ತು. ಟೈಲರಮ್ಮ ತಪ್ಪೊಪ್ಪಿಗೆಗೆಂದು ಊರುಗೋಲಿನ ಹಿಡಿಗೆ ಮೆತ್ತನೆಯ ಗವಸು ಹೊಲಿದು ತಂದರು. ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಎಡಗೈದಾ ಬಲಗೈದಾ?" ಅಂದರು. ಟೈಲರಮ್ಮ ಕೆಂಪಾದರು. ಆಮೇಲೆ ಎಲ್ಲರಿಗಿಂತ ಜೋರಾಗಿ ಅವರೇ ನಕ್ಕರು.

ಕಡೆಯ ದಿನ ಸಂಜೆ ಐದೂವರೆಗೆ ಸರ್ವೇಯರ್, "ಸೊನ್ನೆ. ಗಾಡಿ ಪಕ್ಕ ನಿಂತಿದ್ದೀರಿ," ಎಂದು ಘೋಷಿಸಿದರು. ಭಾವ ಕಾರಿಡಾರಿನ ಗೋಡೆಗೆ ಒರಗಿ ನಿಂತರು. ಪಕ್ಕದಲ್ಲಿ ಇನ್ನೊಬ್ಬರಿಗೆ ಒರಗಲು ಆಗುವಷ್ಟು ಜಾಗ ಬಿಟ್ಟಿದ್ದರು.

ಮರುದಿನ ಮಂಗಳ ಸೂರ್ಯನ ಹಿಂದಿನಿಂದ ಈಚೆ ಬಂತು. ಮೊದಲ ಫೋಟೋದಲ್ಲಿ ಗೀರು ಎಡಕ್ಕೇ ಇತ್ತು. ನಾನು ಮೂರು ಸಲ ನೋಡಿಕೊಂಡೆ. ಗಾಡಿ ಮೂವತ್ತು, ನಲವತ್ತು ಎಂದು ಹೊರಟಿತು, ಭಾವ ಅದರ ಜೊತೆ ಹೊರಟರು. ಎಂಬತ್ತಾರಕ್ಕೆ ಪಳಗಿದ ಕಾಲಿಗೆ ಅದೀಗ ಸಾಲುತ್ತಿರಲಿಲ್ಲ. ನಡೆದು ಮುಗಿಸಿ, "ಇಷ್ಟೇನಾ ಇವತ್ತು?" ಎಂದು ನನ್ನನ್ನು ದಬಾಯಿಸುತ್ತಿದ್ದರು. ಮಿಕ್ಕ ಹೊತ್ತಿನಲ್ಲಿ ಇನ್‌ಸ್ಪೆಕ್ಟರ್ ಅವರಿಗೆ ಮೆಟ್ಟಿಲಿನ ಪಾಠ ಶುರು ಮಾಡಿದಳು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು.

ಹದಿನಾಲ್ಕನೆಯ ದಿನ ಮೂವತ್ತೊಂದು ಮೀಟರ್. ಗಾಡಿ ಅಂಚಿಗೆ ಬಂದು ನಿಂತಿತು.

ಟೈಲರಮ್ಮ ಹದಿನೆಂಟು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಮೂರು ಮೀಟರಿನ ನೋಟ ಮಾಡಿದ್ದರು. ಸುತ್ತಿಕೊಂಡು ಹೋಗಿ ಕಾರಿಡಾರಿನಲ್ಲಿ ಬಿಚ್ಚಿ ಹಿಡಿದೆವು. ಮುಂದೆ ನೆಲವೇ ಇರಲಿಲ್ಲ. ಬಂಡೆಗಳ ಅಂಚು, ಆಮೇಲೆ ಎಷ್ಟೋ ಕೆಳಗೆ ಒಂದು ನಸುಗೆಂಪು ಬಯಲು, ಅದರಾಚೆ ಧೂಳಿನಲ್ಲಿ ಕರಗಿದ ಹಾಗೆ ಎದುರಿನ ಅಂಚಿನ ಬೆಟ್ಟಗಳು. ಮೂರು ವರ್ಷ ಕಾದು, ಕಂಡ ಮೇಲೆ ಏನು ಹೇಳಬೇಕೆಂದು ನಾವು ಯಾರೂ ಯೋಚಿಸಿಟ್ಟಿರಲಿಲ್ಲ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಇಷ್ಟು ದೊಡ್ಡ ಗುಂಡಿ ನೋಡಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಂದಳು. ಆದರೆ ಕಾಗದ ಹಿಡಿದ ಕೈ ಬಿಡಲಿಲ್ಲ. ಭಾವ ಎಷ್ಟೋ ಹೊತ್ತು ನೋಡಿದರು. "ಬ್ರೇಕ್ ಸರಿಯಾಗಿ ಹಾಕಿದಾನೆ," ಅಂದರು ಕಡೆಗೆ.

ನಾನು ಸಂತೋಷಪಡುತ್ತಲೇ ಒಳಗೊಳಗೆ ಹೆದರಿದ್ದೆ. ಗಾಡಿ ಇನ್ನು ಒಂದೆರಡು ತಿಂಗಳು ಅಲ್ಲಿಂದ ಕದಲುವುದಿಲ್ಲ. ಅಂಚಿನಲ್ಲೇ ನಿಂತು ಫೋಟೋ ತೆಗೆಯುತ್ತ ಇಳಿಯುವ ದಾರಿ ಹುಡುಕುತ್ತದೆ ಎಂದು ಅದನ್ನು ಕಳಿಸಿದವರು ಪ್ರಕಟಿಸಿದ್ದರು. ಭಾವನಿಗೂ ಅದು ಗೊತ್ತಿತ್ತು, ಈ ಸಲ ನಾವು ಮುಚ್ಚಿಡಲಿಲ್ಲ. ಕೇಳಿ, "ಹೂಂ," ಅಂದಿದ್ದರು, ಅಷ್ಟೇ. ನಾಲ್ಕು ದಿನ ಕೂತರೆ ಏನಾಗುತ್ತದೆಂದು ನೋಡಿದ್ದೆ. ಎರಡು ತಿಂಗಳು?

ಮರುದಿನ ಬೆಳಗ್ಗೆ ಏಳಕ್ಕೆ ಶಟರ್ ಎತ್ತಿ, ಕಂಪ್ಯೂಟರ್ ಹಾಕಿ ನೋಡಿದೆ. ಅದೇ ಅಂಚು, ಅದೇ ಬಂಡೆ. ಸೊನ್ನೆ ಮೀಟರ್. ಆ ಸೊನ್ನೆಯನ್ನು ಭಾವನ ಮುಂದೆ ಹೇಗೆ ಹೇಳುವುದೆಂದು ಯೋಚಿಸುತ್ತ ಅಂಗಡಿಯಿಂದ ಹೊರಬಿದ್ದೆ. ಅಕ್ಕನ ಮನೆ ಎರಡು ಬೀದಿ ಆಚೆ.

ಮೊದಲ ಬೀದಿಯ ತಿರುವಿನಲ್ಲಿ, ಇನ್ನೂ ಬಾಗಿಲು ತೆಗೆಯದ ಅಂಗಡಿಗಳ ಗೋಡೆ ಹಿಡಿದುಕೊಂಡು, ಯಾರೋ ಊರುಗೋಲಿನವರು ಈ ಕಡೆ ಬರುತ್ತಿದ್ದರು. ಎಡಗಾಲು ಸ್ವಲ್ಪ ಹೊರಗೆ ಬೀಸಿ, ಊರಿ, ನಿಂತು, ಮತ್ತೆ ಬೀಸಿ. ಹತ್ತು ಹೆಜ್ಜೆ ಹಿಂದೆ ಅಕ್ಕ. ಅವಳ ಎರಡು ಕೈಯೂ ಹಿಡಿಯುವುದಕ್ಕೆ ತಯಾರಾಗಿ ಗಾಳಿಯಲ್ಲಿದ್ದವು. ನನ್ನನ್ನು ಕಂಡದ್ದೇ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು.

ನಾನು ಓಡಲಿಲ್ಲ. ಅವರು ನನ್ನ ಹತ್ತಿರ ಬರುವ ತನಕ ನಿಂತೆ. ಭಾವನ ಹಣೆಯಿಂದ ಬೆವರು ಮೂಗಿನ ತುದಿಗೆ ಇಳಿದಿತ್ತು.

"ಇವತ್ತು ಸೊನ್ನೆ, ಭಾವ," ಅಂದೆ.

"ಅದಕ್ಕೇನು," ಅಂದರು. ಉಸಿರು ತೆಗೆದುಕೊಂಡರು. "ಅದು ನಿಲ್ಲಲಿ. ಮೂರು ವರ್ಷ ಓಡಿದೆ, ಸ್ವಲ್ಪ ನೋಡ್ಕೊಂಡು ನಿಲ್ಲಲಿ. ಕೆಟ್ಟು ನಿಂತಿಲ್ವಲ್ಲ, ಊರು ಸೇರಿ ನಿಂತಿದೆ. ನಾನು ಕಾಯಬೇಕಾಗಿಲ್ಲ." ಊರುಗೋಲನ್ನು ಮುಂದಿಟ್ಟರು. "ಮನೆ ಮೆಟ್ಟಿಲಿಂದ ನಿನ್ನ ಅಂಗಡಿಗೆ ಎಷ್ಟು ಮೀಟರ್?"

"ಗೊತ್ತಿಲ್ಲ. ಯಾರೂ ಅಳೆದಿಲ್ಲ."

"ಸರ್ವೇಯರಿಗೆ ಹೇಳ್ಬೇಡ," ಅಂದು ಭಾವ ನನ್ನನ್ನು ದಾಟಿಕೊಂಡು ಹೋದರು.